ಕಾರಾಪುರದ ಸಾಬು, ಹಾಲಿವುಡ್ಡಿನ ಸಾಬು



ಈ ತಿಂಗಳ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಬಗ್ಗೆ ಬರೆಯಬೇಕು ಎಂದು ಮೇಷ್ಟ್ರು ಹೇಳಿದಾಗ ಎಲ್ಲರೂ ಗಾಂಧೀಜಿ, ಕುವೆಂಪು, ವಿಶ್ವೇಶ್ವರಯ್ಯ ಅಂತ ಮೊದಲೇ ಹಿಡಿದುಕೊಂಡುಬಿಟ್ಟರು. ನನ್ನ ಸರದಿ ಬರುವ ಹೊತ್ತಿಗೆ ದೊಡ್ಡವರು ಯಾರೂ ಉಳಿದಿರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಹೋಗಿ ತಾತನಿಗೆ ಹೇಳಿದೆ. ತಾತ ಎಲೆಗೆ ಸುಣ್ಣ ಹಚ್ಚುತ್ತಾ, "ನಮ್ ಕಾರಾಪುರದ ಸಾಬು ಮ್ಯಾಲೆ ಬರಿ ಕಣವ್ವ. ಅಮೆರಿಕಾಗಂಟ ಹೋಗಿ ಸಿನಿಮಾ ಮಾಡ್ದೋನು" ಅಂದರು.

ನಾನು ನಂಬಲಿಲ್ಲ. ಸಾಬು ಅಂದ್ರೆ ಯಾವ ಸಾಬು ಅಂತ ಕೇಳಿದೆ. ಯಾಕೆಂದರೆ ನಮ್ಮೂರ ಕಡೆ ಮುಸ್ಲಿಮರನ್ನು ಎಲ್ಲರೂ ಸಾಬ್ರು ಸಾಬ್ರು ಅಂತಲೇ ಕರೆಯುತ್ತಾರೆ, ಸೈಕಲ್ ಅಂಗಡಿಯವರೂ ಸಾಬ್ರು, ಹಸು ವ್ಯಾಪಾರಕ್ಕೆ ಬರುವವರೂ ಸಾಬ್ರು. ಆದರೆ ಇವನ ಹೆಸರೇ ಸಾಬು. ಸಿನಿಮಾದ ಪರದೆಯ ಮೇಲೂ ಅಷ್ಟೇ ಬರುತ್ತಿತ್ತು, ಸಾಬು ಎಂಬ ಎರಡೇ ಅಕ್ಷರ. ಹಿಂದೆ ಇಲ್ಲ, ಮುಂದೆ ಇಲ್ಲ. ಅನೇಕ ಪುಸ್ತಕಗಳಲ್ಲಿ ಸಾಬು ದಸ್ತಗೀರ್ ಎಂದು ಬರೆದಿದ್ದಾರೆ. ಅದು ತಪ್ಪಂತೆ. ಶೇಖ್ ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು. ಅಣ್ಣನ ಹೆಸರನ್ನು ತಮ್ಮನಿಗೆ ಅಂಟಿಸಿ, ಪ್ರಪಂಚವೆಲ್ಲ ಹಾಗೇ ಕರೆಯಿತು. ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಾದರೂ ನಾವು ಎಷ್ಟು ಜಗಳ ಮಾಡುತ್ತೇವೆ!

ಮರುದಿನ ಮೇಷ್ಟ್ರನ್ನು ಕೇಳಿದೆ. ತಾತ ಹೇಳಿದ್ದು ನಿಜ ಎಂದರು. ಆಮೇಲೆ ಅವರೇ ಕೆಲವು ವಿಷಯ ಹುಡುಕಿಕೊಟ್ಟರು, ಲ್ಯಾಪ್‌ಟಾಪಿನಲ್ಲಿ ಎರಡು ಸಿನಿಮಾಗಳ ತುಣುಕು ತೋರಿಸಿದರು. ಅದನ್ನೆಲ್ಲ ಸೇರಿಸಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಂಟಿಸಿರುವ ಚಿತ್ರ ನಾನೇ ಬರೆದದ್ದು. ಆನೆ ಸ್ವಲ್ಪ ಎಮ್ಮೆ ತರಹ ಬಂದಿದೆ, ಯಾರೂ ನಗಬೇಡಿ.

ಸಾಬು ಹುಟ್ಟಿದ್ದು 1924ನೇ ಇಸವಿ ಜನವರಿ 27ರಂದು, ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ. ಆಗ ಇದು ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು. ಸಾಬುವಿನ ತಂದೆ ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ಅವನ ತಾಯಿ ತೀರಿಕೊಂಡರು, ಆಮೇಲೆ ತಂದೆಯೂ ತೀರಿಕೊಂಡರು. ಅವನು ಮೈಸೂರಿನ ಅರಮನೆಯ ಆನೆ ಲಾಯದಲ್ಲಿ ಬೆಳೆದ. ನಾವು ಎಮ್ಮೆ ಮೈ ತೊಳೆದ ಹಾಗೆ ಅವನು ಆನೆ ಮೈ ತೊಳೆದುಕೊಂಡು ಬೆಳೆದವನು.

ಕಾರಾಪುರ ಯಾಕೆ ಆನೆಗಳಿಗೆ ಹೆಸರಾಗಿತ್ತು ಅಂದರೆ ಪಕ್ಕದ ಕಾಕನಕೋಟೆ ಕಾಡಿನಲ್ಲಿ ನಡೆಯುತ್ತಿದ್ದ ಖೆಡ್ಡಾದಿಂದ. ಖೆಡ್ಡಾ ಎಂದರೆ ಕಾಡಾನೆಗಳನ್ನು ಹಿಂಡು ಹಿಂಡಾಗಿ ಹಿಡಿಯುವುದು. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಅದನ್ನು ನಮ್ಮ ತಾತ ಹನ್ನೆರಡು ವರ್ಷದವರಾಗಿದ್ದಾಗ ಮರ ಹತ್ತಿ ನೋಡಿದ್ದಾರೆ. ತಾತ ಹೇಳಿದ್ದು ಹೀಗೆ: ಮೊದಲು ನೂರಾರು ಜನ ಕಾಡಿನೊಳಗೆ ಹೋಗಿ ಆನೆ ಹಿಂಡನ್ನು ಸುತ್ತುವರಿಯುತ್ತಾರೆ. ರಾತ್ರಿಯೆಲ್ಲ ಬೆಂಕಿ ಹಾಕಿ ಕಾಯುತ್ತಾರೆ. ಆಮೇಲೆ ತಮಟೆ ಬಡಿದು, ಕೂಗು ಹಾಕಿ, ಹಿಂಡನ್ನು ಮೆಲ್ಲ ಮೆಲ್ಲಗೆ ಕಬಿನಿ ಹೊಳೆಯ ಕಡೆಗೆ ದಬ್ಬುತ್ತಾರೆ. ಆನೆಗಳು ಹೊಳೆಗೆ ಬೀಳುತ್ತವೆ, ಮರಿಗಳನ್ನು ನಡುವೆ ಇಟ್ಟುಕೊಂಡು ಈಜುತ್ತವೆ. ಆಚೆ ದಡದಲ್ಲಿ ದಪ್ಪ ದಪ್ಪ ಮರದ ದಿಮ್ಮಿ ನೆಟ್ಟು ದೊಡ್ಡಿ ಮಾಡಿರುತ್ತಾರೆ. ಎಲ್ಲ ಒಳಗೆ ಹೋದ ಕೂಡಲೇ ಬಾಗಿಲು ಬಿಡುತ್ತಾರೆ. ಆಮೇಲೆ ಸಾಕಾನೆಗಳ ಮೇಲೆ ಕೂತು ಮಾವುತರು ಒಳಗೆ ಹೋಗಿ ಒಂದೊಂದೇ ಕಾಡಾನೆಯ ಕಾಲಿಗೆ ಹಗ್ಗ ಹಾಕುತ್ತಾರೆ. ಜೀವದ ಆಸೆ ಬಿಟ್ಟೇ ಒಳಗೆ ಹೋಗಬೇಕು ಅಂದರು ತಾತ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರಾತ್ರಿ ಮರಿಗಳು ಅಳೋದು ಊರ್ಗೆಲ್ಲ ಕೇಳ್ತಿತ್ತು" ಅಂದರು. ಈಗ ಆ ಜಾಗದ ಬಹಳಷ್ಟು ಭಾಗ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ.

ಸಾಬು ಇಂಥ ಮಾವುತರ ಮನೆಯ ಹುಡುಗ. ಇದನ್ನು ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಅವನು ಸಿನಿಮಾಕ್ಕೆ ಹೋಗಿ ಆನೆ ಸವಾರಿ ಕಲಿಯಲಿಲ್ಲ, ಆನೆ ಸವಾರಿ ಗೊತ್ತಿದ್ದದ್ದಕ್ಕೇ ಸಿನಿಮಾಕ್ಕೆ ಹೋದ.

ಅದು ಹೇಗೆ ಅಂದರೆ, 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರಿಗೆ ಬಂದರು. ಅವರನ್ನು ಕಳಿಸಿದವರು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಎಂಬ ದೊಡ್ಡ ನಿರ್ಮಾಪಕರು. ಕಿಪ್ಲಿಂಗ್ ಎಂಬ ಲೇಖಕರು ಬರೆದ ಒಂದು ಕಥೆಯಲ್ಲಿ ತೂಮೈ ಎಂಬ ಮಾವುತರ ಹುಡುಗ ಬರುತ್ತಾನೆ. ಆನೆಗಳು ಕಾಡಿನೊಳಗೆ ಕುಣಿಯುವುದನ್ನು ಕಣ್ಣಾರೆ ಕಂಡವನು ಅವನು. ಆ ಕಥೆಯನ್ನು ಸಿನಿಮಾ ಮಾಡಬೇಕಿತ್ತು. ಫ್ಲಾಹರ್ಟಿ ಸಾಮಾನ್ಯ ನಿರ್ದೇಶಕರಲ್ಲ. ಹಿಮದ ನಾಡಿನ ಜನರ ಮೇಲೆ 1922ರಲ್ಲೇ ಸಿನಿಮಾ ಮಾಡಿ ಹೆಸರಾದವರು. ನಟರನ್ನು ಕರೆತಂದು ಬಣ್ಣ ಬಳಿಯುವುದು ಅವರಿಗೆ ಆಗುತ್ತಿರಲಿಲ್ಲ. ಆ ಊರಿನವರನ್ನೇ ಹಿಡಿದು, ಅವರು ದಿನಾ ಮಾಡುವ ಕೆಲಸವನ್ನೇ ಮಾಡಿಸಿ ಚಿತ್ರ ತೆಗೆಯುತ್ತಿದ್ದರು. ಹಾಗಾಗಿ ನಿಜವಾದ ಮಾವುತರ ಹುಡುಗನೇ ಬೇಕು ಅಂತ ಹುಡುಕಿದರು. ಕೊನೆಗೆ ಅವರ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಎಂಬುವವರು ಆನೆ ಲಾಯದಲ್ಲಿ ಸಾಬುವನ್ನು ಕಂಡರು. ಆಗ ಅವನಿಗೆ ಹನ್ನೊಂದು ವರ್ಷ. ನಮ್ಮ ಶಾಲೆಯ ಐದನೇ ತರಗತಿಯವರಷ್ಟು!

ಮಹಾರಾಜರು ಆನೆಗಳನ್ನು ಕೊಟ್ಟು, ಎಲ್ಲ ಸಹಾಯ ಮಾಡಿದರು. ಖೆಡ್ಡಾವನ್ನೂ ಚಿತ್ರೀಕರಿಸಿಕೊಂಡರು. ಕಾಲಾ ನಾಗ್ ಎಂಬ ಆನೆಯ ಪಾತ್ರಕ್ಕೆ ಅರಮನೆಯ ಐರಾವತ ಎಂಬ ಆನೆಯನ್ನು ಆರಿಸಿದರು. ಆದರೆ ಫ್ಲಾಹರ್ಟಿಯವರು ರಾಶಿ ರಾಶಿ ಫಿಲ್ಮ್ ತೆಗೆದರೂ ಅದರಲ್ಲಿ ಕಥೆ ಸಾಲದು ಎಂದು ಕೋರ್ಡಾ ಅವರಿಗೆ ಅನ್ನಿಸಿತು. ಉಳಿದ ಕಥೆಯನ್ನು ಲಂಡನ್ ಹತ್ತಿರದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆಯಬೇಕೆಂದು ತೀರ್ಮಾನವಾಯಿತು. ಅದಕ್ಕಾಗಿ 1936ರಲ್ಲಿ ಸಾಬುವನ್ನೂ, ಜೊತೆಗೆ ಅಣ್ಣ ದಸ್ತಗೀರನನ್ನೂ ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ನಿರ್ಮಾಪಕರಿಗೆ ಕಥೆ ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬ ಹುಡುಗನ ಇಡೀ ಬಾಳು ಬೇರೆ ದಾರಿ ಹಿಡಿಯಿತು. ನನಗೆ ಇದು ಬಹಳ ಆಶ್ಚರ್ಯ.

ಸಿನಿಮಾ 1937ರಲ್ಲಿ ಬಿಡುಗಡೆಯಾಯಿತು. ಹೆಸರು 'ಎಲಿಫೆಂಟ್ ಬಾಯ್', ಅಂದರೆ ಆನೆ ಹುಡುಗ. ಶುರುವಿನಲ್ಲೇ ಸಾಬು ನಮ್ಮನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ನಮಗೆ ಅರ್ಥವಾಗಲಿಲ್ಲ, ಆದರೆ ಅವನಿಗೆ ಕ್ಯಾಮೆರಾ ಕಂಡರೆ ಒಂದಿಷ್ಟೂ ಹೆದರಿಕೆ ಇಲ್ಲ ಅನ್ನುವುದು ಗೊತ್ತಾಯಿತು. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಈ ಸಿನಿಮಾಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. ಪ್ರಶಸ್ತಿ ನಿರ್ದೇಶಕರಿಗೆ, ಆದರೆ ಜನ ನೋಡಲು ಹೋದದ್ದು ಹುಡುಗನನ್ನು.

ಮುಂದಿನ ಸಿನಿಮಾ 1938ರ 'ದಿ ಡ್ರಮ್'. ಇದರಲ್ಲಿ ಅವನು ವಾಯುವ್ಯ ಗಡಿಯ ಒಬ್ಬ ರಾಜಕುಮಾರ. ಕಥೆಯಲ್ಲಿ ಬ್ರಿಟಿಷ್ ಸಿಪಾಯಿಗಳೆಲ್ಲ ಒಳ್ಳೆಯವರು, ಅವರ ವಿರುದ್ಧ ನಿಂತವರು ಮೋಸಗಾರರು, ಪುಟ್ಟ ರಾಜಕುಮಾರ ಮಾತ್ರ ಬ್ರಿಟಿಷರ ಗೆಳೆಯ. ಸ್ವಾತಂತ್ರ್ಯ ಚಳವಳಿ ಜೋರಾಗಿ ನಡೆಯುತ್ತಿದ್ದ ಕಾಲ ಅದು, ಸುಮ್ಮನಿರುತ್ತಾರೆಯೇ? ಮುಂಬಯಿಯಲ್ಲಿ, ಮದರಾಸಿನಲ್ಲಿ ಜನ ಪ್ರತಿಭಟನೆ ಮಾಡಿದರು. ಅವರು ಮಾಡಿದ್ದು ಸರಿ ಅಂತ ನನಗೂ ಅನ್ನಿಸುತ್ತದೆ. ಆದರೆ ಸಾಬುವಿನ ಮೇಲೆ ನನಗೆ ಕೋಪ ಬರಲಿಲ್ಲ. ಆಗ ಅವನಿಗೆ ಹದಿನಾಲ್ಕು ವರ್ಷ. ಕಥೆ ಬರೆದವರು ದೊಡ್ಡವರು.

ಆಮೇಲೆ ಬಂದದ್ದು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಬಾಗ್ದಾದಿನ ಕಳ್ಳ ಅಂತ ಅರ್ಥ. ಸ್ನೇಹಿತರೇ, ಇದರ ಬಗ್ಗೆ ಬರೆಯಲು ನನಗೆ ಬಹಳ ಖುಷಿ. ಸಾಬು ಇದರಲ್ಲಿ ಅಬೂ ಎಂಬ ತುಂಟ ಕಳ್ಳ ಹುಡುಗ. ಸಮುದ್ರದ ದಡದಲ್ಲಿ ಅವನಿಗೆ ಒಂದು ಸೀಸೆ ಸಿಗುತ್ತದೆ. ಮುಚ್ಚಳ ತೆಗೆದರೆ ಹೊಗೆ ಬಂದು ಬೆಟ್ಟದಷ್ಟು ಎತ್ತರದ ಭೂತ ಎದ್ದು ನಿಲ್ಲುತ್ತದೆ! ನಿನ್ನನ್ನು ತುಳಿದು ಹಾಕುತ್ತೇನೆ ಅಂತ ಕಾಲೆತ್ತುತ್ತದೆ. ಆಗ ಅಬೂ ಉಪಾಯ ಮಾಡಿ, ಇಷ್ಟು ದೊಡ್ಡವನು ಇಷ್ಟು ಚಿಕ್ಕ ಸೀಸೆಯಲ್ಲಿ ಇದ್ದೆ ಅಂದರೆ ನಾನು ನಂಬುವುದಿಲ್ಲ ಎನ್ನುತ್ತಾನೆ. ಭೂತ ತೋರಿಸಲು ಒಳಗೆ ಹೋಗುತ್ತದೆ. ಟಪ್ ಅಂತ ಮುಚ್ಚಳ!

ಚಿಕ್ಕ ಹುಡುಗ, ದೊಡ್ಡ ಭೂತ ಒಂದೇ ಚಿತ್ರದಲ್ಲಿ ಹೇಗೆ ಬಂದರು? ಕಂಪ್ಯೂಟರ್ ಇಲ್ಲದ ಕಾಲ. ಮೇಷ್ಟ್ರು ವಿವರಿಸಿದರು. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಆಮೇಲೆ ನೀಲಿ ಭಾಗವನ್ನು ಮಾತ್ರ ತೆಗೆದುಹಾಕಿ ಆ ಖಾಲಿ ಜಾಗಕ್ಕೆ ಬೇರೆ ಚಿತ್ರ ಕೂಡಿಸುತ್ತಾರೆ. ನಾವು ಗೋಡೆ ಪತ್ರಿಕೆಗೆ ಪೇಪರಿನಿಂದ ಆನೆಯನ್ನು ಸುತ್ತ ಕತ್ತರಿಸಿ ಬೇರೆ ಕಾಡಿನ ಚಿತ್ರದ ಮೇಲೆ ಅಂಟಿಸುತ್ತೇವಲ್ಲ, ಹಾಗೇ. ಆದರೆ ಸಿನಿಮಾದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡುತ್ತವೆ. ಇಪ್ಪತ್ತನಾಲ್ಕು ಸಲ ಕತ್ತರಿಸಿ ಅಂಟಿಸಿದ ಹಾಗೆ ಲೆಕ್ಕ. ನನಗೆ ಒಂದು ಆನೆ ಅಂಟಿಸುವಷ್ಟರಲ್ಲೇ ಅಂಟು ಮುಗಿದುಹೋಯಿತು! ಈ ಸಿನಿಮಾಕ್ಕೆ ಮೂರು ಆಸ್ಕರ್ ಪ್ರಶಸ್ತಿ ಬಂದವು. ಅದರಲ್ಲಿ ಒಂದು ಇಂಥ ಚಮತ್ಕಾರಗಳಿಗೇ.

ಈ ಸಿನಿಮಾ ಇಂಗ್ಲೆಂಡಿನಲ್ಲಿ ಅರ್ಧ ಆಗಿರುವಾಗ ಎರಡನೇ ಮಹಾಯುದ್ಧ ಶುರುವಾಯಿತು. ಹಾಗಾಗಿ ಉಳಿದದ್ದನ್ನು ಅಮೆರಿಕದಲ್ಲಿ ಮುಗಿಸಿದರು. ಸಾಬು ಅಲ್ಲೇ ಉಳಿದ. ಹಾಲಿವುಡ್ ನಟನಾದ. ಭಾರತದಿಂದ ಹೋಗಿ ಹಾಲಿವುಡ್ಡಿನಲ್ಲಿ ಅಷ್ಟು ಹೆಸರು ಮಾಡಿದವರಲ್ಲಿ ಮೊದಲಿಗ ಅವನೇ ಎನ್ನುತ್ತಾರೆ. 1942ರ 'ಜಂಗಲ್ ಬುಕ್' ಸಿನಿಮಾದಲ್ಲಿ ತೋಳಗಳು ಸಾಕಿದ ಮೌಗ್ಲಿಯೂ ಅವನೇ. ನಾವು ಟಿವಿಯಲ್ಲಿ ನೋಡಿರುವ ಮೌಗ್ಲಿ ಬರೀ ಚಿತ್ರ. ಅದಕ್ಕೂ ಎಷ್ಟೋ ವರ್ಷ ಮೊದಲು ನಿಜವಾದ ಮೌಗ್ಲಿಯಾಗಿ ನಟಿಸಿದವನು ನಮ್ಮ ತಾಲ್ಲೂಕಿನವನು! ತಮಾಷೆ ಏನೆಂದರೆ, ನಿಜವಾದ ಕಾಡಿನ ಪಕ್ಕದಲ್ಲಿ ಹುಟ್ಟಿದ ಹುಡುಗನನ್ನು ಅಷ್ಟು ದೂರ ಕರೆದುಕೊಂಡು ಹೋಗಿ, ಕ್ಯಾಲಿಫೋರ್ನಿಯಾದಲ್ಲಿ ಒಂದು ಸುಳ್ಳು ಕಾಡು ಕಟ್ಟಿ, ಅದರಲ್ಲಿ ಓಡಾಡಿಸಿದರು. ಹೆಬ್ಬಾವು ರಬ್ಬರಿನದು. ಅದು ತೇಲಿಕೊಂಡು ಬಂದಾಗ ನಮ್ಮ ತರಗತಿಯೆಲ್ಲ ಗೊಳ್ ಅಂತ ನಕ್ಕಿತು. ಕಾಡು ಸುಳ್ಳು, ಹಾವು ಸುಳ್ಳು, ಆದರೆ ಸಾಬು ಮರ ಹತ್ತುವುದು, ನೀರಿಗೆ ಧುಮುಕುವುದು ಮಾತ್ರ ಸುಳ್ಳು ಅನ್ನಿಸಲಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ. ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಭೀಮನ ಪಾತ್ರ ಮಾಡುವವರು ಒಬ್ಬರಿದ್ದಾರಲ್ಲ, ಅವರನ್ನು ನಾಟಕ ಮುಗಿದ ಮೇಲೂ ಎಲ್ಲರೂ ಭೀಮಣ್ಣ ಅಂತಲೇ ಕರೆಯುತ್ತಾರೆ. ರೇಷನ್ ಅಂಗಡಿ ಸಾಲಿನಲ್ಲಿ ನಿಂತರೂ ಭೀಮಣ್ಣ, ಜ್ವರ ಬಂದು ಮಲಗಿದರೂ ಭೀಮಣ್ಣ. ಸಿನಿಮಾ ನಟರಿಗೆ ಇದು ಇನ್ನೂ ಜಾಸ್ತಿ. ಜನ ಒಂದು ಸಲ ಒಬ್ಬರನ್ನು ಒಂದು ವೇಷದಲ್ಲಿ ಇಷ್ಟಪಟ್ಟರೆ ಮುಗಿಯಿತು. ಸಿನಿಮಾ ಕಂಪನಿಯವರು ಮತ್ತೆ ಮತ್ತೆ ಅದೇ ವೇಷ ಹಾಕಿಸುತ್ತಾರೆ, ಯಾಕೆಂದರೆ ಅದಕ್ಕೆ ಟಿಕೆಟ್ ಓಡುತ್ತದೆ. ಪೋಸ್ಟರಿನಲ್ಲಿ, ಪತ್ರಿಕೆಯ ಫೋಟೋದಲ್ಲಿ ಅದೇ ರೂಪ. ಸಾಬುವಿನ ವೇಷ ಯಾವುದು ಅಂದರೆ ತಲೆಗೆ ಒಂದು ಪೇಟ, ಮೈಗೆ ಅಂಗಿ ಇಲ್ಲ, ಸೊಂಟಕ್ಕೆ ಒಂದು ತುಂಡು ಬಟ್ಟೆ, ಬಾಯಿ ತುಂಬ ನಗು, ಪಕ್ಕದಲ್ಲಿ ಒಂದು ಪ್ರಾಣಿ. ಪೂರ್ವ ದೇಶದ ಕಾಡು ಹುಡುಗ. ಅರಬ್ ದೇಶದ ಕಥೆಯಾದರೂ ಅವನೇ, ಸಮುದ್ರದ ನಡುವಿನ ದ್ವೀಪದ ಕಥೆಯಾದರೂ ಅವನೇ. 1942ರಿಂದ 1944ರವರೆಗೆ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಅಂತ ಮೂರು ಬಣ್ಣದ ಸಿನಿಮಾ ಮಾಡಿದ. ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮಾರಿಯಾ ಮಾಂಟೆಜ್. ಸಾಬು ನಾಯಕನ ಜೊತೆಗಾರ. ಮೊದಲ ಸಿನಿಮಾದಲ್ಲಿ ಆನೆಯ ಮೇಲೆ ಮೇಲೆ ಕೂತಿದ್ದವನು ಇಲ್ಲಿ ಪಕ್ಕಕ್ಕೆ ಬಂದುಬಿಟ್ಟ.

ಇಲ್ಲಿಯವರೆಗೆ ನಾನು 'ಅವನು' ಅಂತ ಬರೆದೆ. ಹುಡುಗನಲ್ಲವೇ ಅದಕ್ಕೆ. ಇನ್ನು ಮುಂದೆ 'ಅವರು' ಎಂದು ಬರೆಯುತ್ತೇನೆ. ಯಾಕೆಂದರೆ 1944ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಅವರು ಅಮೆರಿಕದ ಪ್ರಜೆಯಾದರು ಮತ್ತು ಅಲ್ಲಿಯ ವಾಯುಸೇನೆಗೆ ಸೇರಿದರು. ಬಿ-24 ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನದಲ್ಲಿ ಅವರು ಗನ್ನರ್ ಆಗಿದ್ದರು. ವಿಮಾನದ ಬಾಲದಲ್ಲಿ ಒಂದು, ಹೊಟ್ಟೆಯ ಕೆಳಗೆ ಒಂದು, ಗಾಜಿನ ಗೂಡು ಇರುತ್ತದಂತೆ. ಅದರೊಳಗೆ ಮುದುರಿಕೊಂಡು ಕೂತು, ಮೇಲೆ ಬೀಳುವ ಶತ್ರು ವಿಮಾನಗಳಿಗೆ ಗುಂಡು ಹಾರಿಸಬೇಕು. ಶಾಂತಸಾಗರದ ದ್ವೀಪಗಳ ಮೇಲೆ ಜಪಾನಿನ ವಿರುದ್ಧ ನಡೆದ ಯುದ್ಧ ಅದು. ಅವರ ಧೈರ್ಯಕ್ಕೆ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಎಂಬ ಪದಕ ಕೊಟ್ಟರು. ಇದು ಸಿನಿಮಾ ಅಲ್ಲ, ನಿಜ. ಪೇಟ ಇಲ್ಲ, ಆನೆ ಇಲ್ಲ, ಪೂರ್ತಿ ಸಮವಸ್ತ್ರ.

ಇಂಗ್ಲಿಷಿನಲ್ಲಿ ಅವನು, ಅವರು ಎಂಬ ಭೇದ ಇಲ್ಲ, ಎರಡಕ್ಕೂ ಒಂದೇ ಪದ ಎಂದು ಮೇಷ್ಟ್ರು ಹೇಳಿದರು. ಅದಕ್ಕೇ ಇರಬೇಕು, ಯುದ್ಧದಿಂದ ವಾಪಸ್ ಬಂದವರನ್ನು ಹಾಲಿವುಡ್ಡಿನವರು ಹುಡುಗ ಅಂತಲೇ ನೋಡಿದರು.

ಮೊದಲು ಒಂದು ಒಳ್ಳೆಯ ಸಿನಿಮಾ ಸಿಕ್ಕಿತು, 1947ರ 'ಬ್ಲ್ಯಾಕ್ ನಾರ್ಸಿಸಸ್'. ಅದರಲ್ಲಿ ರೇಷ್ಮೆ ಬಟ್ಟೆ, ಒಡವೆ ಹಾಕಿಕೊಂಡು, ಹಿಮಾಲಯದ ಮಠಕ್ಕೆ ಪಾಠ ಕಲಿಯಲು ಬರುವ ಯುವ ಜನರಲ್ ಆಗಿದ್ದಾರೆ. ಅದನ್ನೂ ಇಂಗ್ಲೆಂಡಿನಲ್ಲೇ ತೆಗೆದದ್ದು. ಹಿಮಾಲಯವನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆದಿದ್ದರಂತೆ! ಹಳ್ಳಿಯ ಹುಡುಗಿಯ ಪಾತ್ರಕ್ಕೆ ಒಬ್ಬ ಇಂಗ್ಲಿಷ್ ನಟಿಗೆ ಕಂದು ಬಣ್ಣ ಬಳಿದಿದ್ದರು. ಆಮೇಲೆ 1948ರಲ್ಲಿ ನರಭಕ್ಷಕ ಹುಲಿಯ ಕಥೆ, 1949ರಲ್ಲಿ ಮತ್ತೆ ಕಾಡಿನ ಕಥೆ. ಆ 1948ರಲ್ಲೇ ಅವರಿಗೆ ಮರ್ಲಿನ್ ಕೂಪರ್ ಎಂಬ ನಟಿಯ ಜೊತೆ ಮದುವೆಯಾಯಿತು. ಮುಂದೆ ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು.

ಆದರೆ ಕೆಲಸ ಕಡಿಮೆಯಾಗುತ್ತಾ ಬಂತು. ಕಾಡು ಹುಡುಗನನ್ನು ನೋಡಿ ಬೆಳೆದ ಮಕ್ಕಳು ದೊಡ್ಡವರಾಗಿದ್ದರು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಅವರು ಆನೆಗಳ ಆಟ ತೋರಿಸಿದರು. ಅದೇ ವರ್ಷ ಇಟಲಿಯ ಒಂದು ಸಿನಿಮಾದಲ್ಲಿ ರಾಜನಾಗಿ, ಬಡ ಶಾಲಾ ಮೇಷ್ಟ್ರಿಗೆ ಆನೆಯನ್ನು ಉಡುಗೊರೆ ಕೊಡುತ್ತಾರೆ. (ನಮ್ಮ ಮೇಷ್ಟ್ರಿಗೆ ಕೊಟ್ಟರೆ ಎಲ್ಲಿ ಕಟ್ಟುತ್ತಾರೆ ಅಂತ ಕೇಳಿದೆ. ಬಿಸಿಯೂಟದ ಕೋಣೆಯ ಹಿಂದೆ ಎಂದರು.) 1956ರಲ್ಲಿ 'ಜಂಗಲ್ ಹೆಲ್' ಎಂಬ ಒಂದು ಸಾಧಾರಣ ಸಿನಿಮಾ ಬಂತು. ಅದರಲ್ಲಿ ಅವರ ಪಾತ್ರದ ಹೆಸರೇನು ಗೊತ್ತೆ? 'ಕಾಡಿನ ಹುಡುಗ ಸಾಬು'. ಆಗ ಅವರಿಗೆ ಮೂವತ್ತೆರಡು ವರ್ಷ. ಯುದ್ಧ ಮಾಡಿ ಪದಕ ಪಡೆದವರು, ಮಗನಿರುವ ತಂದೆ. ನನ್ನ ಸೋದರಮಾವನಿಗೂ ಮೂವತ್ತೆರಡು ವರ್ಷ. ಅವರಿಗೆ ಯಾರಾದರೂ ಲಂಗೋಟಿ ಹಾಕಿಸಿ ಹುಡುಗ ಅಂದರೆ ಹೇಗಿರುತ್ತದೆ ಅಂತ ಯೋಚಿಸಿದೆ. ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಇನ್ನೊಂದು ಸಂಗತಿ ಓದಿ ನನಗೆ ಬಹಳ ಬೇಜಾರಾಯಿತು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' ಎಂಬ ಹಿಂದಿ ಸಿನಿಮಾ ಮಾಡುವಾಗ ಬಿರ್ಜು ಎಂಬ ಮಗನ ಪಾತ್ರಕ್ಕೆ ಮೊದಲು ಸಾಬು ಅವರನ್ನು ಅಂದುಕೊಂಡಿದ್ದರು. ಬಿರ್ಜು ಅಂದರೆ ಸಾಲಗಾರ ಸಾಹುಕಾರನ ಮೇಲೆ ಸಿಡಿದೇಳುವ ಹಳ್ಳಿಯ ಯುವಕ. ಆನೆ ಇಲ್ಲ, ಹಾವಿಲ್ಲ. ಆದರೆ ಸಾಬು ಅಮೆರಿಕದ ಪ್ರಜೆಯಾಗಿದ್ದರಿಂದ ಇಲ್ಲಿ ಕೆಲಸ ಮಾಡಲು ಪರವಾನಗಿ ಬೇಕಿತ್ತು. ಅದು ಸಿಗಲಿಲ್ಲ. ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. 1957ರಲ್ಲಿ ಬಂದ ಆ ಸಿನಿಮಾ ಎಷ್ಟು ಪ್ರಸಿದ್ಧ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅಲ್ಲಿ ನೋಡಿದರೆ ಅವರು ಯಾವಾಗಲೂ ಇಂಡಿಯಾದ ಹುಡುಗ, ಇಲ್ಲಿ ನೋಡಿದರೆ ಹೊರದೇಶದವರು.

ಹಾಲಿವುಡ್ಡಿನ ಒಂದು ರಸ್ತೆಯ ಕಾಲುದಾರಿಯಲ್ಲಿ ದೊಡ್ಡ ನಟರ ಹೆಸರಿನ ನಕ್ಷತ್ರಗಳನ್ನು ಕಲ್ಲಿನಲ್ಲಿ ಕೂರಿಸಿದ್ದಾರೆ. 1960ರಲ್ಲಿ ಸಾಬು ಅವರ ಹೆಸರಿಗೂ ಒಂದು ನಕ್ಷತ್ರ ಬಂತು. ಅದೇ ವರ್ಷ, ಅವರ ಜೊತೆ ಹಡಗು ಹತ್ತಿದ್ದ ಅಣ್ಣ ದಸ್ತಗೀರ್ ಒಂದು ದರೋಡೆಯಲ್ಲಿ ಕೊಲೆಯಾದರು. ಅವರು ಅಲ್ಲಿ ಮೇಜು ಕುರ್ಚಿಗಳ ಅಂಗಡಿ ನೋಡಿಕೊಳ್ಳುತ್ತಿದ್ದರು. ಮೂರು ವರ್ಷದ ನಂತರ, 1963ರ ಡಿಸೆಂಬರ್ 2ರಂದು, ಸಾಬು ಅವರಿಗೂ ಹೃದಯಾಘಾತವಾಗಿ ತೀರಿಕೊಂಡರು. ಮೂವತ್ತೊಂಬತ್ತೇ ವರ್ಷ. ಅವರ ಸಮಾಧಿ ಲಾಸ್ ಏಂಜಲಿಸ್ ನಗರದಲ್ಲಿದೆ. ಕೊನೆಯ ಸಿನಿಮಾ 'ಎ ಟೈಗರ್ ವಾಕ್ಸ್' ಅವರು ತೀರಿಕೊಂಡ ಮೇಲೆ 1964ರಲ್ಲಿ ಬಂತು. ಅದರಲ್ಲಿ ಅವರು ಹುಲಿ ಪಳಗಿಸುವವರು. ಅವರ ಮಗಳು ದೊಡ್ಡವಳಾದ ಮೇಲೆ ಸಿನಿಮಾಗಳಿಗೆ ಕುದುರೆ ಪಳಗಿಸುವ ಕೆಲಸ ಮಾಡಿದರು. ಇದು ಯಾರೂ ಹಾಕಿಸಿದ ವೇಷ ಅಲ್ಲ, ರಕ್ತದಲ್ಲಿ ಬಂದದ್ದು ಇರಬೇಕು.

ಸಾಬು ಅದೃಷ್ಟವಂತರೋ ಅಲ್ಲವೋ ಅಂತ ನಮ್ಮ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. ಹುಡುಗರೆಲ್ಲ ಅದೃಷ್ಟವಂತರು ಅಂದರು. ಲಾಯದಲ್ಲಿ ಲದ್ದಿ ಎತ್ತುತ್ತಿದ್ದವನು ವಿಮಾನ ಹತ್ತಿದ, ನಕ್ಷತ್ರ ಪಡೆದ, ಇನ್ನೇನು ಬೇಕು ಅಂತ ಅವರ ವಾದ. ಅದು ಸುಳ್ಳಲ್ಲ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಊಟ, ಓದು, ಹೆಸರು ಎಲ್ಲ ಸಿಕ್ಕಿತು. ನನ್ನ ಪ್ರಕಾರ ಅವರನ್ನು ಕರೆದುಕೊಂಡು ಹೋದದ್ದು ತಪ್ಪಲ್ಲ. ಹದಿಮೂರು ವರ್ಷವಾದ ಮೇಲೂ ಹನ್ನೊಂದರಲ್ಲೇ ನಿಲ್ಲಿಸಿದ್ದು ತಪ್ಪು. ನಮ್ಮನ್ನು ಯಾರಾದರೂ ಎಷ್ಟು ಓದಿದರೂ ಏಳನೇ ತರಗತಿಯಲ್ಲೇ ಕೂರಿಸಿದರೆ ಒಪ್ಪುತ್ತೇವಾ?

ನನ್ನ ಪಕ್ಕ ಕೂರುವ ಗೆಳತಿ ಹಾಡಿಯಿಂದ ಬರುತ್ತಾಳೆ. ಅವಳ ಅಪ್ಪ ಆನೆ ಶಿಬಿರದಲ್ಲಿ ಕಾವಾಡಿ. ಜಗಳ ನಡೆಯುವಾಗ ಅವಳು ಒಂದೂ ಮಾತಾಡಲಿಲ್ಲ. ಕೊನೆಗೆ "ಅವ್ನು ಹಡಗು ಹತ್ತಿ ಹೋದ್ಮೇಲೆ ಆ ಆನೆ ಏನಾಯ್ತು?" ಅಂತ ಕೇಳಿದಳು. ಯಾರಿಗೂ ಅದು ಹೊಳೆದೇ ಇರಲಿಲ್ಲ. ಮೇಷ್ಟ್ರು ದಸರಾ ಆನೆಗಳ ಪಟ್ಟಿ ಹುಡುಕಿದರು. ಚಿನ್ನದ ಅಂಬಾರಿ ಹೊತ್ತ ಆನೆಗಳ ಹೆಸರುಗಳಲ್ಲಿ ಐರಾವತ ಎಂಬ ಹೆಸರು ಇದೆ, ಸಾಬುವಿನ ಸಿನಿಮಾದಲ್ಲಿದ್ದ ಆನೆ ಇದೇ ಎಂದೂ ಬರೆದಿದೆ. ಅಂದರೆ ಸಾಬು ಹೋದರು, ಆನೆ ಮೈಸೂರಿನಲ್ಲಿ ಅಂಬಾರಿ ಹೊತ್ತಿತು.

ಆಮೇಲೆ ಅವಳು 'ಎಲಿಫೆಂಟ್ ಬಾಯ್' ತುಣುಕನ್ನು ಇನ್ನೊಂದು ಸಲ ಹಾಕಿ ಸಾರ್ ಅಂದಳು. ಮೇಷ್ಟ್ರು ಹಾಕಿದರು. ಸಾಬು ಆನೆಯ ಕತ್ತಿನ ಮೇಲೆ ಕೂತು ಬರುವ ಜಾಗ ಬಂದಾಗ ಅವಳು ಎದ್ದು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮುಖ ನೋಡಲಿಲ್ಲ, ಕಾಲು ನೋಡಿದಳು. ಆನೆಯ ಕಿವಿಯ ಹಿಂದೆ ಬೆರಳು ಒತ್ತಿ ಹೇಳುವುದು ಮಾವುತರ ಭಾಷೆ, ಎಡಕ್ಕೆ ಹೋಗು, ಬಲಕ್ಕೆ ತಿರುಗು, ನಿಲ್ಲು ಅಂತ. ಸ್ವಲ್ಪ ಹೊತ್ತು ನೋಡಿ ಬೆಂಚಿಗೆ ವಾಪಸ್ ಬಂದು ಕೂತು, "ಇವ್ನಿಗೆ ಗೊತ್ತು ಕಣೇ. ನಮ್ಮಪ್ಪನೂ ಹಿಂಗೇ ಕೂರೋದು" ಅಂದಳು.